ಚಕಮಕಿ ಲಾಂಗ್‌ರೈಫಲ್ ಕೈಯಾರೆ ಕಟ್ಟುವವರಿಗೆ: ಯಾವ ಶೈಲಿ, ಯಾವ ನಳಿಗೆ, ಯಾವ ಮರ?

ಅಮೆರಿಕದ ಪೆನ್ಸಿಲ್ವೇನಿಯಾದ ಹಳೆಯ ಮಾದರಿಯ ಲಾಂಗ್‌ರೈಫಲ್ (ಒಳಗೆ ಸುರುಳಿ ಗೀರಿರುವ ಉದ್ದ ನಳಿಗೆಯ ಕೋವಿ) ಒಂದನ್ನು ತಾವೇ ಕಟ್ಟಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮರದ ಬಗ್ಗೆ, ಇಲ್ಲವೇ ನಳಿಗೆಯ ಬಗ್ಗೆ. ಆದರೆ ಅದಕ್ಕೂ ಮೊದಲು ಬಗೆಹರಿಯಬೇಕಾದ ವಿಷಯ ಬೇರೆ ಇದೆ: ಯಾವ ಸೀಮೆಯ ಕೋವಿ, ಯಾವ ದಶಕದ ಕೋವಿ? ಅದನ್ನು ತೀರ್ಮಾನಿಸದೆ ಕೊಂಡ ಸಾಮಾನುಗಳು ಕೊನೆಗೆ ಒಂದಕ್ಕೊಂದು ಹೊಂದುವುದಿಲ್ಲ. 1760ರ ದಶಕದ ದೊಡ್ಡ ಲಾಕ್ (ಕಿಡಿ ಹೊತ್ತಿಸಿ ಕೋವಿ ಸಿಡಿಸುವ ಯಂತ್ರ) 1820ರ ಸಣಕಲು ಮರದಲ್ಲಿ ಕೂರುವುದಿಲ್ಲ. ಪೆನ್ಸಿಲ್ವೇನಿಯಾದಲ್ಲೇ ಲ್ಯಾಂಕಾಸ್ಟರಿನ ನೇರ ಗೆರೆಗಳ ಮರಕ್ಕೆ ಲೀಹೈ ಕಣಿವೆಯ ಹಿತ್ತಾಳೆ ಪಟ್ಟಿ ಹೊಡೆದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಶೈಲಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಆಯ್ಕೆಗಳು ಬಹುಮಟ್ಟಿಗೆ ಅದರ ಹಿಂದೆಯೇ ಬರುತ್ತವೆ.

ಹಿನ್ನೆಲೆ ತಿಳಿಯದವರಿಗಾಗಿ ನಾಲ್ಕು ಮಾತು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ಮತ್ತು ಸ್ವಿಸ್ ನಾಡುಗಳಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಕುಶಲಕರ್ಮಿಗಳು ಯೇಗರ್ ಎಂಬ ಗಿಡ್ಡ ಬೇಟೆಕೋವಿಯ ವಿದ್ಯೆಯನ್ನು ತಮ್ಮೊಂದಿಗೆ ತಂದರು. ಅದರ ನಳಿಗೆ ಸುಮಾರು 30 ಇಂಚು ಉದ್ದ, ಬಾಯಿ ಅಗಲ. ಅಮೆರಿಕದ ಕಾಡಂಚಿನಲ್ಲಿ ಅದೇ ಕೋವಿ ಎರಡು ತಲೆಮಾರುಗಳಲ್ಲಿ ಬೇರೆಯೇ ರೂಪ ತಾಳಿತು. ನಳಿಗೆ 42ರಿಂದ 46 ಇಂಚಿನವರೆಗೆ ಬೆಳೆಯಿತು, ಬಾಯಿ ಕಿರಿದಾಯಿತು, ಮರ ತೆಳುವಾಯಿತು. ಬಾಯಿ ಕಿರಿದಾದದ್ದರ ಲಾಭ ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ: ಒಂದು ಪೌಂಡ್ ಸೀಸದಲ್ಲಿ ಯೇಗರಿನಂಥ .62 ಕ್ಯಾಲಿಬರ್ (ಅಂದರೆ ನಳಿಗೆಯ ಬಾಯಿ 0.62 ಇಂಚು ಅಗಲವಿರುವ) ಕೋವಿಗೆ ಇಪ್ಪತ್ತರ ಆಸುಪಾಸು ಗುಂಡುಗಳು ಸಿಕ್ಕರೆ, .45ಕ್ಕೆ ಐವತ್ತಕ್ಕೂ ಹೆಚ್ಚು ಸಿಗುತ್ತವೆ. ಅಂಗಡಿಯಿಂದ ವಾರಗಟ್ಟಲೆ ದೂರದಲ್ಲಿ ಬದುಕುತ್ತಿದ್ದ ಬೇಟೆಗಾರನಿಗೆ ಇದು ಸಣ್ಣ ವಿಷಯವಲ್ಲ. 1775ರ ಜೂನ್ 14ರಂದು ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಅಮೆರಿಕದ ವಸಾಹತುಗಳ ಕಾಂಗ್ರೆಸ್ ಹತ್ತು ರೈಫಲ್ ತುಕಡಿಗಳನ್ನು ಕಟ್ಟಲು ನಿರ್ಣಯಿಸಿದಾಗ ಅವುಗಳಲ್ಲಿ ಆರು ಪೆನ್ಸಿಲ್ವೇನಿಯಾದ ಪಾಲಿಗೆ ಬಂದವು. ಮೇರಿಲ್ಯಾಂಡ್ ಮತ್ತು ವರ್ಜೀನಿಯಾಕ್ಕೆ ಎರಡೆರಡು. ಈ ಕೋವಿಗೆ ಮದ್ದು ತುಂಬುವುದು ಒಳಗೆ ಗೀರಿಲ್ಲದ ಸೈನಿಕ ಕೋವಿಯಾದ ಮಸ್ಕೆಟ್ಟಿಗಿಂತ ನಿಧಾನ, ಮೂತಿಗೆ ಬಯೊನೆಟ್ ಸಿಕ್ಕಿಸಲು ಬರುವುದಿಲ್ಲ. ಗುರಿಯ ವಿಷಯದಲ್ಲಿ ಮಾತ್ರ ಅದಕ್ಕೆ ಸಾಟಿ ಇರಲಿಲ್ಲ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಇದು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿ ತಯಾರಿಸುವಂತಿಲ್ಲ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯೂ ಇದಕ್ಕೆ ಹೊರತಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತಯಾರಿಸುವುದಕ್ಕಲ್ಲ. ಅಮೆರಿಕದ ಒಕ್ಕೂಟ ಕಾನೂನು ಚಕಮಕಿ ಕೋವಿಗಳನ್ನೂ ಅವುಗಳ ಹೊಸ ಪ್ರತಿಕೃತಿಗಳನ್ನೂ ಪುರಾತನ ಆಯುಧಗಳ ವರ್ಗದಲ್ಲಿ ಇಟ್ಟಿದೆ. ಆದರೆ ರಾಜ್ಯಗಳ ಕಾನೂನು ಒಂದೇ ಸಮನಾಗಿಲ್ಲ. ನ್ಯೂಜೆರ್ಸಿಯಂಥ ರಾಜ್ಯಗಳು ಬಿಗಿಯಾಗಿವೆ. ನಿಮ್ಮ ರಾಜ್ಯದ ನಿಯಮವನ್ನು ಓದಿಕೊಂಡೇ ಹಣ ಕಟ್ಟಿರಿ.

ಯಾವ ಸೀಮೆಯ ಕೋವಿ?

ಲ್ಯಾಂಕಾಸ್ಟರ್ ಶೈಲಿಯಿಂದ ಆರಂಭಿಸೋಣ. ಜೇಕಬ್ ಡಿಕರ್ಟ್ (1740–1822) ಇಲ್ಲಿನ ಹೆಸರಾಂತ ಕುಶಲಕರ್ಮಿ. ಈ ಶೈಲಿಯ ಗುರುತು ನೇರ ಗೆರೆ. ಗುರಿಯಿಡುವಾಗ ಕೆನ್ನೆ ಊರುವ ಮೇಲಂಚು ಹಿಡಿಯ ಬಳಿಯಿಂದ ಬುಡದವರೆಗೆ (ಭುಜಕ್ಕೆ ಊರುವ ತುದಿಯವರೆಗೆ) ಸೀದಾ ಹೋಗುತ್ತದೆ, ಕೆಳಗಿನ ಅಂಚೂ ಹಾಗೆಯೇ. ಪಕ್ಕದಿಂದ ನೋಡಿದರೆ ಕೋವಿಯ ಬುಡ ಒಂದು ಉದ್ದ ತ್ರಿಕೋನ. ಬುಡದ ಪಕ್ಕದಲ್ಲಿ ಹಿತ್ತಾಳೆಯ ಮುಚ್ಚಳವಿರುವ ಪುಟ್ಟ ಪೆಟ್ಟಿಗೆ ಇರುತ್ತದೆ. ಅದರ ತುದಿಯಲ್ಲಿ ಡೇಸಿ ಹೂವಿನ ಆಕಾರ ಕತ್ತರಿಸುವುದು ಇಲ್ಲಿನ ರೂಢಿ. ಕಲಿಯುವವರಿಗೆ ಈ ಶೈಲಿ ಒಳ್ಳೆಯ ಗುರು. ನೇರ ಗೆರೆಯಲ್ಲಿ ತಪ್ಪಾದರೆ ಉದ್ದನೆಯ ಅಳತೆಪಟ್ಟಿ ಇಟ್ಟ ಕೂಡಲೇ ತಿಳಿಯುತ್ತದೆ, ಅಲ್ಲೇ ತಿದ್ದಿಕೊಳ್ಳಬಹುದು.

ಲೀಹೈ ಕಣಿವೆಯ ಕೋವಿ ಇದಕ್ಕೆ ತದ್ವಿರುದ್ಧ. ಅಲೆನ್‌ಟೌನ್ ಸುತ್ತಮುತ್ತಲಿನ ಹರ್ಮನ್ ರಪ್, ಜಾನ್ ಮೋಲ್ ಮುಂತಾದವರ ಕೈಯಲ್ಲಿ ಕೆನ್ನೆಯ ಅಂಚು ಉದ್ದಕ್ಕೂ ಬಾಗಿ ಬುಡದತ್ತ ಇಳಿಯುತ್ತದೆ. ಕೆಳಗಿನ ಗೆರೆಯೂ ಅದಕ್ಕೆ ತಕ್ಕಂತೆ ಬಳುಕುತ್ತದೆ. ಇಡೀ ಕೋವಿಯಲ್ಲಿ ಒಂದೇ ಒಂದು ಸರಳರೇಖೆ ಹುಡುಕಬೇಕೆಂದರೆ ನಳಿಗೆಯನ್ನೇ ನೋಡಬೇಕು. ನನ್ನ ಕಣ್ಣಿಗೆ ಅಮೆರಿಕದ ಕೋವಿಗಳಲ್ಲೆಲ್ಲ ಅತಿ ಚೆಲುವಾದದ್ದು ಇದೇ. ಆದರೂ ಮೊದಲ ಕೋವಿಗೆ ಇದನ್ನು ಆರಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಬಾಗು ಎಲ್ಲಿ ಆರಂಭವಾಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂಬುದಕ್ಕೆ ಅಳತೆಪಟ್ಟಿ ನೆರವಾಗುವುದಿಲ್ಲ. ಹಳೆಯ ಕೋವಿಗಳನ್ನು ಕೈಯಲ್ಲಿ ಹಿಡಿದು ನೋಡಿ ಪಳಗಿದ ಕಣ್ಣು ಬೇಕು. ಸ್ವಲ್ಪ ಹೆಚ್ಚಾದರೆ ಗೂನು ಬಿದ್ದಂತೆ ಕಾಣುತ್ತದೆ, ಕಡಿಮೆಯಾದರೆ ಯಾವ ಸೀಮೆಗೂ ಸೇರದ ಕೋವಿಯಾಗುತ್ತದೆ.

ನಜರೆತ್ ಊರಿನ ಹತ್ತಿರದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರ ಕೋವಿ ಕಾರ್ಖಾನೆ ಇತ್ತು. ಅಲ್ಲಿ ಆಂಡ್ರಿಯಾಸ್ ಆಲ್ಬ್ರೆಕ್ಟ್, ಅವನ ನಂತರ ಕ್ರಿಶ್ಚಿಯನ್ ಓರ್ಟರ್ ಕೆಲಸ ಮಾಡಿದರು. ಬುಡ ದಪ್ಪ, ಕೆತ್ತನೆ ಗಾಢ, ಯೇಗರಿನ ನೆನಪು ಇನ್ನೂ ಮಾಸಿಲ್ಲ. ಓರ್ಟರ್ 1775ರಲ್ಲಿ ಮಾಡಿದ ರೈಫಲ್ ಒಂದು 1971ರಲ್ಲಿ ವ್ಯಾಲಿ ಫೋರ್ಜ್‌ನಿಂದ ಕಳುವಾಗಿತ್ತು. ದಶಕಗಳ ನಂತರ ಪತ್ತೆಯಾಗಿ, 2019ರಲ್ಲಿ ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬಂತು. ಹಿಡಿಯ ಬಳಿ ಮರ ಮೆಟ್ಟಿಲಿನಂತೆ ಹಠಾತ್ತಾಗಿ ದಪ್ಪವಾಗುವುದು ಈ ಗುಂಪಿನ ಕೆಲವು ಕೋವಿಗಳ ವೈಶಿಷ್ಟ್ಯ. ಕೆತ್ತನೆಯಲ್ಲಿ ಕೈ ಪಳಗಿದವರಿಗೆ ಇದು ಹಬ್ಬ. ಕೆತ್ತನೆ ಬಾರದವರಿಗೆ ಈ ಕೋವಿಯಲ್ಲಿ ಬರಿದಾದ ದೊಡ್ಡ ಮೇಲ್ಮೈ ಮಾತ್ರ ಉಳಿಯುತ್ತದೆ.

ಬೆಡ್‌ಫರ್ಡ್ ಸೀಮೆಯ ಕೋವಿಗಳು ಅತಿ ಸಪೂರ, ಲಾಕ್‌ಗಳೂ ಉದ್ದ ಮತ್ತು ಕಿರಿದು. ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದವು, ಅದರಲ್ಲೂ ಚಕಮಕಿಯ ಬದಲು ಸ್ಫೋಟಕ ತುಂಬಿದ ಪುಟ್ಟ ಲೋಹದ ಕೇಪಿನಿಂದ ಹೊತ್ತಿಸುವ ಕಾಲದವು. ಚಕಮಕಿಯೇ ಬೇಕೆನ್ನುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಉಳಿದದ್ದು ದಕ್ಷಿಣದ ಗುಡ್ಡಗಾಡಿನ ರೈಫಲ್, ಅಂದರೆ ಪೂರ್ವ ಟೆನ್ನೆಸ್ಸಿ ಮತ್ತು ಪಶ್ಚಿಮ ಉತ್ತರ ಕೆರೊಲಿನಾದ ಅಪಲಾಚಿಯನ್ ಬೆಟ್ಟಗಳದ್ದು. ಟೆನ್ನೆಸ್ಸಿಯ ಬೀನ್ ಮನೆತನ ಇದಕ್ಕೆ ಹೆಸರುವಾಸಿ. ಇಲ್ಲಿ ಹಿತ್ತಾಳೆಯಿಲ್ಲ. ಟ್ರಿಗರ್ ಕಾವಲು, ಬುಡದ ಪಟ್ಟಿ ಎಲ್ಲವೂ ಕುಲುಮೆಯಲ್ಲಿ ಬಡಿದ ಕಬ್ಬಿಣ. ಕೆತ್ತನೆ ಇಲ್ಲ, ಇದ್ದರೂ ಒಂದೆರಡು ಗೀರು. ಪೆಟ್ಟಿಗೆಯ ಬದಲು ಕೊಬ್ಬು ತುಂಬಿಡಲು ಮರದಲ್ಲಿ ಕೊರೆದ ಒಂದು ಗುಳಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲಂಕಾರವಿಲ್ಲದ್ದರಿಂದ ಇದು ಸುಲಭ ಎಂದು ಹಲವರು ಹೇಳುತ್ತಾರೆ. ಅರ್ಧ ನಿಜ. ಕೆಲಸದ ಗಂಟೆಗಳು ಕಡಿಮೆ, ಖರ್ಚೂ ಕಡಿಮೆ. ಆದರೆ ಮರೆಮಾಚಲು ಒಂದು ಹೂವೂ ಇಲ್ಲದ ಕೋವಿಯಲ್ಲಿ ಆಕಾರವೊಂದೇ ಮಾತನಾಡಬೇಕು. ಹಿಡಿಯಿಂದ ಬುಡಕ್ಕೆ ಹರಿಯುವ ಗೆರೆ ಒಂದಿಷ್ಟು ತಡವರಿಸಿದರೂ ನೋಡುವವರಿಗೆ ತಿಳಿಯುತ್ತದೆ.

ಹೀಗಾಗಿ ಮೊದಲ ಕೋವಿಗೆ ನನ್ನ ಸಲಹೆ ಎರಡರಲ್ಲಿ ಒಂದು: 1770–80ರ ದಶಕದ, ಹೆಚ್ಚು ಕೆತ್ತನೆಯಿಲ್ಲದ ಲ್ಯಾಂಕಾಸ್ಟರ್, ಇಲ್ಲವೇ ಗುಡ್ಡಗಾಡಿನ ಕಬ್ಬಿಣದ ಕೋವಿ. ನಿರ್ಧರಿಸುವ ಮೊದಲು ನಿಜವಾದ ಹಳೆಯ ಕೋವಿಗಳನ್ನು ಹತ್ತಿರದಿಂದ ನೋಡಿರಿ. ಲ್ಯಾಂಕಾಸ್ಟರ್ ಬಳಿಯ ಲ್ಯಾಂಡಿಸ್ ವ್ಯಾಲಿ ಮ್ಯೂಸಿಯಂ, ನಜರೆತ್ ಬಳಿಯ ಜೇಕಬ್ಸ್‌ಬರ್ಗ್‌ನಲ್ಲಿರುವ ಪೆನ್ಸಿಲ್ವೇನಿಯಾ ಲಾಂಗ್‌ರೈಫಲ್ ಮ್ಯೂಸಿಯಂ ಎರಡೂ ಪ್ರಯಾಣಕ್ಕೆ ತಕ್ಕವು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕಂಟೆಂಪರರಿ ಲಾಂಗ್‌ರೈಫಲ್ ಅಸೋಸಿಯೇಷನ್ ನಡೆಸುವ ವಾರ್ಷಿಕ ಪ್ರದರ್ಶನದಲ್ಲಿ ಇಂದಿನ ಕುಶಲಕರ್ಮಿಗಳ ಕೆಲಸವೂ ಕಾಣಸಿಗುತ್ತದೆ. ಫೋಟೊದಲ್ಲಿ ತಿಳಿಯದ ಒಂದು ಸಂಗತಿ ಎದುರಿಗೆ ನಿಂತಾಗ ತಿಳಿಯುತ್ತದೆ: ಹಳೆಯ ಕೋವಿಗಳ ಮರ ನಾವು ಊಹಿಸಿದ್ದಕ್ಕಿಂತ ಎಷ್ಟೋ ತೆಳು. ಹೊಸಬರ ಕೋವಿಗಳಲ್ಲಿ ಎದ್ದು ಕಾಣುವ ದೋಷ ಮರವನ್ನು ಸಾಕಷ್ಟು ತೆಗೆಯದಿರುವುದೇ.

ಎಷ್ಟನ್ನು ಕೈಯಾರೆ?

ಸಿದ್ಧ ಭಾಗಗಳ ಕಿಟ್ ಕೊಳ್ಳುವುದೋ, ಹಲಗೆಯಿಂದ ಆರಂಭಿಸುವುದೋ ಎಂಬ ಪ್ರಶ್ನೆಯಲ್ಲಿ ಮರ್ಯಾದೆಯ ಮಾತು ನುಸುಳಿಬಿಡುತ್ತದೆ. ಅದನ್ನು ಬದಿಗಿಟ್ಟು ನೋಡೋಣ.

ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಕೊರೆದ ಕಿಟ್‌ಗಳು ಈಗ ಬಹಳ ಮೇಲ್ಮಟ್ಟಕ್ಕೆ ಬಂದಿವೆ. ಓಹಾಯೊದ ಕಿಬ್ಲರ್ ಸಂಸ್ಥೆಯ ಕಿಟ್‌ಗಳಲ್ಲಿ ನಳಿಗೆಯ ಕಾಲುವೆ, ಲಾಕ್‌ನ ಗುಂಡಿ, ಟ್ರಿಗರ್‌ನ ಜಾಗ ಎಲ್ಲವೂ ಸರಿಯಾಗಿ ಕೊರೆದು ಬರುತ್ತವೆ. ಆಕಾರವೂ ಬಲ್ಲವರು ರೂಪಿಸಿದ್ದು. ನಮಗೆ ಉಳಿಯುವುದು ಜೋಡಣೆ, ಹೆರೆಯುವುದು, ಬಣ್ಣ, ಎಣ್ಣೆ. ಉಪಕರಣ ಕಡಿಮೆ ಇರುವವರಿಗೆ, ಚಳಿಗಾಲದ ಕೆಲವು ವಾರಾಂತ್ಯಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಕೋವಿ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಲಾಕ್ ಕೂರಿಸುವ ವಿದ್ಯೆಯನ್ನು ಅದು ಕಲಿಸುವುದಿಲ್ಲ.

ಇನ್ನೊಂದು ಬಗೆ ಅರ್ಧ ಕೆತ್ತಿದ ಮರ. ಹೊರ ಆಕಾರವನ್ನು ನಕಲು ಯಂತ್ರ ಒರಟಾಗಿ ಕೊರೆದಿರುತ್ತದೆ, ನಳಿಗೆಯ ಕಾಲುವೆ ಬಹುಮಟ್ಟಿಗೆ ಸಿದ್ಧ, ಉಳಿದದ್ದು ನಮ್ಮ ಪಾಲಿಗೆ. ಉತ್ತರ ಕೆರೊಲಿನಾದ ಚೇಂಬರ್ಸ್ ಸಂಸ್ಥೆಯಂಥವರ ಒಳ್ಳೆಯ ಕಿಟ್‌ಗಳಲ್ಲಿ ಭಾಗಗಳೆಲ್ಲ ಒಂದೇ ಶೈಲಿಗೆ ಹೊಂದುವಂತೆ ಆರಿಸಿರುತ್ತಾರೆ. ಆದರೆ ಅಲ್ಲೊಂದು ಇಲ್ಲೊಂದು ಸಾಮಾನು ಕೊಂಡು, ಅರ್ಧ ಕೆತ್ತಿದ ಮರಕ್ಕೆ ಹೊಂದಿಸಲು ಹೊರಟರೆ ತೊಂದರೆ ತಪ್ಪದು. ಯಂತ್ರ ಈಗಾಗಲೇ ತೆಗೆದ ಮರವನ್ನು ಮತ್ತೆ ಹಾಕಲಾಗದು. ನಿಮ್ಮ ಲಾಕ್ ಒಂದಿಷ್ಟು ದೊಡ್ಡದಿದ್ದರೆ ಅದರ ಸುತ್ತ ಮರವೇ ಇರುವುದಿಲ್ಲ.

ಬರಿ ಹಲಗೆಯಿಂದ ಆರಂಭಿಸುವುದು ನೂರಾರು ಗಂಟೆಗಳ ಕೆಲಸ. ಅದರಲ್ಲಿ ಅತಿ ಅಪಾಯದ ಘಟ್ಟ ಯಾವುದೆಂದರೆ, ಮದ್ದು ಜಡಿಯುವ ಗಜ ಕೂರುವ ತೂತು. ನಳಿಗೆಯ ಕಾಲುವೆಗೂ ಈ ತೂತಿಗೂ ನಡುವೆ ಉಳಿಯುವ ಮರ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗ. ಮೂರು ಎಂಟಾಂಶ ಇಂಚಿನ ಉದ್ದನೆಯ ಡ್ರಿಲ್ ಆ ಮರದೊಳಗೆ ಕಣ್ಣಿಗೆ ಕಾಣದೆ ಸಾಗಬೇಕು. ಮರದ ಎಳೆ ಎತ್ತ ಎಳೆಯುತ್ತದೋ ಅತ್ತ ವಾಲುವುದು ಅದರ ಸ್ವಭಾವ. ಮೇಲಕ್ಕೆ ವಾಲಿದರೆ ನಳಿಗೆಯ ಕಾಲುವೆಗೆ ತೂತು, ಕೆಳಕ್ಕೆ ವಾಲಿದರೆ ಕೋವಿಯ ಹೊಟ್ಟೆಗೆ ತೂತು. ಆದ್ದರಿಂದ ನಾನು ಹೆಚ್ಚಾಗಿ ಶಿಫಾರಸು ಮಾಡುವುದು ಇವೆರಡರ ನಡುವಿನ ದಾರಿಯನ್ನು: ನಿಮಗೆ ಇಷ್ಟವಾದ ಹಲಗೆ ಆರಿಸಿ, ನಿಮ್ಮದೇ ನಳಿಗೆಯನ್ನು ಆ ಕೆಲಸದಲ್ಲಿ ಪರಿಣತರಾದವರಿಗೆ ಕಳುಹಿಸಿ, ನಳಿಗೆಯ ಕಾಲುವೆ ಮತ್ತು ಗಜದ ತೂತು ಇಷ್ಟನ್ನು ಮಾತ್ರ ಅವರಿಂದ ಮಾಡಿಸಿಕೊಳ್ಳುವುದು. ಬೇಸರದ ಮತ್ತು ಅಪಾಯದ ಕೆಲಸ ಕೈಬಿಟ್ಟುಹೋಗುತ್ತದೆ; ಆಕಾರ, ಲಾಕ್, ಕೆತ್ತನೆ ಪೂರ್ತಿ ನಿಮ್ಮದಾಗಿ ಉಳಿಯುತ್ತವೆ.

ನಳಿಗೆಯನ್ನೂ ಸ್ವತಃ ಮಾಡುವವರಿದ್ದಾರೆ. 1960ರ ದಶಕದಲ್ಲಿ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ವಾಲೆಸ್ ಗಸ್ಲರ್ ಹದಿನೆಂಟನೆಯ ಶತಮಾನದ ಉಪಕರಣಗಳಿಂದಲೇ ಇಡೀ ರೈಫಲ್ ಮಾಡಿ ಮರೆತುಹೋಗಿದ್ದ ವಿದ್ಯೆಗೆ ಜೀವ ಕೊಟ್ಟರು: ಕಬ್ಬಿಣದ ಪಟ್ಟಿಯನ್ನು ಕಂಬಿಯ ಸುತ್ತ ಸುತ್ತಿ, ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆದು, ಕೊರೆದು, ಒಳಗೆ ಸುರುಳಿ ಗೀರು ಎಳೆದು. ಅದು ಗುರುವಿನ ಬಳಿ ವರ್ಷಗಟ್ಟಲೆ ಕಲಿಯುವ ವಿದ್ಯೆ. ಮನೆಯಲ್ಲಿ ಕಟ್ಟುವವರು ನಳಿಗೆಯ ವಿಷಯದಲ್ಲಿ ಪ್ರಯೋಗಕ್ಕೆ ಇಳಿಯಲೇಬಾರದು. ಕಪ್ಪು ಮದ್ದಿನ ಒತ್ತಡ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಹೆಸರುಳ್ಳ ತಯಾರಕರ ನಳಿಗೆ ಕೊಳ್ಳಿರಿ, ಅದರಲ್ಲಿ ಕಪ್ಪು ಮದ್ದನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ. ಹೊಗೆಯಿಲ್ಲದ ಆಧುನಿಕ ಮದ್ದು ಇಂಥ ನಳಿಗೆಯನ್ನು ಸೀಳಿಬಿಡುತ್ತದೆ.

ನಳಿಗೆ: ನೇರವೋ, ಸೊಂಟವಿರುವುದೋ

ಎಂಟು ಮೂಲೆಯ ನಳಿಗೆಗಳಲ್ಲಿ ಎರಡು ಬಗೆ. ಒಂದು ಉದ್ದಕ್ಕೂ ಒಂದೇ ದಪ್ಪ. ಇನ್ನೊಂದು ಹಿಂದೆ ಸುಮಾರು ಒಂದು ಇಂಚು, ಮುಂದೆ ಹೋದಂತೆ ಮುಕ್ಕಾಲು ಇಂಚಿನ ಆಸುಪಾಸಿಗೆ ಸಣ್ಣಗಾಗಿ, ಬಾಯಿಯ ಹತ್ತಿರ ಮತ್ತೆ ತುಸು ಅಗಲವಾಗುವಂಥದ್ದು. ಹದಿನೆಂಟನೆಯ ಶತಮಾನದ ಕೋವಿಗೆ ಸಲ್ಲುವುದು ಈ ಎರಡನೆಯದು. ನೇರ ನಳಿಗೆ ಬಂದದ್ದು ಬಹುಮಟ್ಟಿಗೆ ಆಮೇಲೆ.

ನೇರ ನಳಿಗೆ ಅಗ್ಗ, ಕಾಲುವೆ ತೋಡುವುದೂ ಸುಲಭ. ಆದರೆ ಎತ್ತಿ ಗುರಿಯಿಟ್ಟಾಗ ಮೂತಿ ಭಾರ. 44 ಇಂಚಿನ ನೇರ ನಳಿಗೆಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತರೆ ಎಡತೋಳು ನಡುಗಲು ಆರಂಭಿಸುತ್ತದೆ. ಸೊಂಟವಿರುವ ನಳಿಗೆಯಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಅದೇ ಉದ್ದದ ಕೋವಿ ಕೈಯಲ್ಲಿ ನಿರಾಳವಾಗಿ ನಿಲ್ಲುತ್ತದೆ. ಹಣ ಉಳಿಸಲು ಬೇರೆ ಜಾಗಗಳಿವೆ, ನಳಿಗೆಯಲ್ಲಿ ಉಳಿಸಬೇಡಿ. ಹತ್ತೊಂಬತ್ತನೆಯ ಶತಮಾನದ ಗುಡ್ಡಗಾಡಿನ ಕೋವಿ ಕಟ್ಟುವವರಿಗೆ ಮಾತ್ರ ನೇರ ನಳಿಗೆ ಇತಿಹಾಸಕ್ಕೂ ಒಪ್ಪುತ್ತದೆ; ಅಲ್ಲೂ ಕಿರಿದಾದದ್ದನ್ನೇ ಆರಿಸಿರಿ.

ಕ್ಯಾಲಿಬರ್ ಬಗ್ಗೆ ಬಹಳ ವಾದಗಳಿವೆ, ನಿಜಕ್ಕೂ ಅಷ್ಟು ಬೇಕಿಲ್ಲ. ಗುರಿ ಅಭ್ಯಾಸವಷ್ಟೇ ಆದರೆ .40 ಅಥವಾ .45 ಸಾಕು. ಮದ್ದೂ ಸೀಸವೂ ಕಡಿಮೆ ಖರ್ಚು, ಭುಜಕ್ಕೆ ಒದೆತವೂ ಕಡಿಮೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ನಂತರ ಬರುವ, ಚಕಮಕಿ ಕೋವಿಗಳಿಗೆಂದೇ ಮೀಸಲಾದ ಜಿಂಕೆ ಬೇಟೆಯ ಅವಧಿಗೆ ಕನಿಷ್ಠ .44 ಇರಬೇಕು. ಬೇಟೆ ಮನಸ್ಸಿನಲ್ಲಿದ್ದರೆ .50 ತೆಗೆದುಕೊಳ್ಳಿ. ಒಳಗಿನ ಗೀರು 48 ಇಂಚಿಗೆ ಒಂದು ಸುತ್ತು ತಿರುಗುವುದು ಹಳೆಯ ಕೋವಿಗಳಲ್ಲಿ ಸಾಮಾನ್ಯ. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿದ ದುಂಡು ಗುಂಡಿಗೆ ಅದೂ ಸರಿ, ಅದಕ್ಕಿಂತ ನಿಧಾನವಾದದ್ದೂ ಸರಿ.

ಲಾಕ್: ಇಲ್ಲಿ ಜಿಪುಣತನ ಬೇಡ

ಕೋವಿ ಸಿಡಿಯುವುದೂ ಸಿಡಿಯದಿರುವುದೂ ಲಾಕ್‌ನ ಕೈಯಲ್ಲಿದೆ. ಚಕಮಕಿ ಕಲ್ಲನ್ನು ಕಚ್ಚಿಕೊಂಡ ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ) ಮುಂದಕ್ಕೆ ಬಡಿದಾಗ, ಕಲ್ಲಿನ ಅಂಚು ಎದುರಿನ ಉಕ್ಕಿನ ತಗಡನ್ನು ಮೇಲಿನಿಂದ ಕೆಳಕ್ಕೆ ಹೆರೆಯುತ್ತದೆ. ಹೆರೆದು ಬಿದ್ದ ಉಕ್ಕಿನ ಕಣಗಳೇ ಕಿಡಿ. ಅದೇ ಏಟಿಗೆ ತಗಡು ಮುಂದಕ್ಕೆ ಮಗುಚಿ ಅದರಡಿಯ ಬಟ್ಟಲು ತೆರೆಯುತ್ತದೆ, ಕಿಡಿ ಅದರೊಳಗಿನ ರಂಜಕದ (ಹೊತ್ತಿಸುವ ಮದ್ದಿನ) ಮೇಲೆ ಬೀಳುತ್ತದೆ, ಆ ಬೆಂಕಿ ನಳಿಗೆಯ ಪಕ್ಕದ ಕಿರುತೂತಿನ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ. ಕಲ್ಲು ತಗಡಿಗೆ ತಾಗುವ ಕೋನ, ಎರಡು ಸ್ಪ್ರಿಂಗ್‌ಗಳ ಬಲದ ಹೊಂದಾಣಿಕೆ, ತಗಡಿನ ಗಡಸುತನ ಈ ಮೂರರಲ್ಲಿ ಒಂದು ಕೆಟ್ಟರೂ ಕಿಡಿ ಸೊರಗುತ್ತದೆ. ಅಗ್ಗದ ಲಾಕ್‌ಗಳಲ್ಲಿ ತಗಡು ಮೆದುವಾಗಿರುತ್ತದೆ, ಇಲ್ಲವೇ ಕುದುರೆಯ ಕತ್ತು ತಪ್ಪು ಕೋನದಲ್ಲಿ ಬಾಗಿರುತ್ತದೆ. ಕೊಂಡ ಮೇಲೆ ರಿಪೇರಿಗೆ ಹೋಗುವ ಸಮಯ ಒಳ್ಳೆಯ ಲಾಕ್‌ನ ಬೆಲೆಯನ್ನು ನುಂಗಿಹಾಕುತ್ತದೆ.

ಆಯ್ಕೆ ಜರ್ಮನ್ ಮಾದರಿಗೂ ಇಂಗ್ಲಿಷ್ ಮಾದರಿಗೂ ನಡುವೆ. ಆ ಕಾಲದ ಅಮೆರಿಕದ ಕುಶಲಕರ್ಮಿಗಳು ಲಾಕ್‌ಗಳನ್ನು ಹೆಚ್ಚಾಗಿ ಯೂರೋಪಿನಿಂದಲೇ ತರಿಸಿಕೊಳ್ಳುತ್ತಿದ್ದರು, ಹಾಗಾಗಿ ಎರಡೂ ಅಸಲಿಯೇ. 1770ರ ದಶಕದ ಪೆನ್ಸಿಲ್ವೇನಿಯಾ ಕೋವಿಗೆ ಜರ್ಮನ್ ಮಾದರಿಯ ಸೈಲರ್ ಲಾಕ್ ದಶಕಗಳಿಂದ ನಂಬಿಕೆ ಉಳಿಸಿಕೊಂಡಿದೆ. ವರ್ಜೀನಿಯಾ ಕೋವಿಗೆ ದುಂಡು ಮೈಯ ಇಂಗ್ಲಿಷ್ ಲಾಕ್ ಒಪ್ಪುತ್ತದೆ. 1790ರ ನಂತರದ ಕೋವಿಗೆ, ಗುಡ್ಡಗಾಡಿನ ಕೋವಿಗೂ, ಕೊನೆಯ ಕಾಲದ ಚಪ್ಪಟೆ ಇಂಗ್ಲಿಷ್ ಮಾದರಿ ಸರಿ.

(ಇದೇ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿಯೂ ಅತ್ಯುತ್ತಮ ಚಕಮಕಿ ಲಾಕ್‌ಗಳು ತಯಾರಾಗುತ್ತಿದ್ದವು. ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಕುದುರೆಗೇ ಹುಲಿಯ ರೂಪ ಕೊಟ್ಟದ್ದುಂಟು. ಬ್ರಿಟನ್ನಿನ ಸಂಗ್ರಹಗಳಲ್ಲಿ ಅವು ಇಂದಿಗೂ ಇವೆ. ಪೆನ್ಸಿಲ್ವೇನಿಯಾದವರಿಗೆ ಮೈಸೂರಿನ ಹೆಸರು ಅಪರಿಚಿತವೇನೂ ಆಗಿರಲಿಲ್ಲ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು.)

ಲಾಕ್ ಅನ್ನು ಮರದಲ್ಲಿ ಕೂರಿಸುವ ಕೆಲಸವೇ ಈ ವಿದ್ಯೆಯ ತಿರುಳು. ಎಣ್ಣೆ ದೀಪದ ಹೊಗೆಗೆ ಲಾಕ್‌ನ ತಗಡನ್ನು ಹಿಡಿದರೆ ಅದರ ಮೇಲೆ ತೆಳ್ಳಗೆ ಕಾಡಿಗೆ ಕೂರುತ್ತದೆ. ಅದನ್ನು ಮರಕ್ಕೆ ಒತ್ತಿ ತೆಗೆದರೆ, ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಕಪ್ಪು ಚುಕ್ಕೆ ಮೂಡುತ್ತದೆ. ಆ ಕಪ್ಪನ್ನಷ್ಟೇ ಹರಿತವಾದ ಉಳಿಯಿಂದ ಕಾಗದದಷ್ಟು ತೆಳುವಾಗಿ ಎಬ್ಬಿಸಬೇಕು. ಮತ್ತೆ ಹೊಗೆ, ಮತ್ತೆ ಒತ್ತು, ಮತ್ತೆ ಉಳಿ. ಮೊದಲಿಗೆ ಚುಕ್ಕೆಗಳು ಎರಡೋ ಮೂರೋ ಇರುತ್ತವೆ. ಕೆಲಸ ಸಾಗಿದಂತೆ ಅವು ಹರಡಿ, ಕೊನೆಗೆ ಗುಂಡಿಯ ತಳವೆಲ್ಲ ಸಮನಾಗಿ ಕಪ್ಪಾಗುತ್ತದೆ. ಆಗ ತಗಡಿನ ಸುತ್ತ ಕೂದಲೆಳೆ ತೂರುವಷ್ಟೂ ಸಂದು ಇರುವುದಿಲ್ಲ. ಬೇಗ ಮುಗಿಸುವ ಆಸೆಯಿಂದ ಒಮ್ಮೆ ಆಳಕ್ಕೆ ಉಳಿ ಇಳಿಸಿದರೆ ಆ ಸಂದು ಕೋವಿ ಇರುವವರೆಗೂ ಕಾಣುತ್ತದೆ.

ಮರ

ಸಕ್ಕರೆ ಮೇಪಲ್, ಕೆಂಪು ಮೇಪಲ್, ಕಪ್ಪು ವಾಲ್ನಟ್, ಚೆರ್ರಿ. ಪೆನ್ಸಿಲ್ವೇನಿಯಾ ಕೋವಿ ಎಂದರೆ ಮೇಪಲ್, ಅದರಲ್ಲೂ ಅಡ್ಡ ಪಟ್ಟೆಗಳು ಹೊಳೆಯುವ ಅಲೆ-ಎಳೆಯ ಮೇಪಲ್. ಮರದ ಗಡಸುತನ ಅಳೆಯುವ ಜಂಕಾ ಮಾಪನದಲ್ಲಿ ಸಕ್ಕರೆ ಮೇಪಲ್ 1,450, ವಾಲ್ನಟ್ 1,010, ಕೆಂಪು ಮೇಪಲ್ ಮತ್ತು ಚೆರ್ರಿ 950. ಸಕ್ಕರೆ ಮೇಪಲ್‌ನಲ್ಲಿ ಕೆತ್ತನೆಯ ಅಂಚು ಚೂಪಾಗಿ ನಿಲ್ಲುತ್ತದೆ, ಆದರೆ ಉಳಿ ಬೇಗ ಮೊಂಡಾಗುತ್ತದೆ. ಒಳ್ಳೆಯ, ಗಟ್ಟಿ ಕೆಂಪು ಮೇಪಲ್ ಸಿಕ್ಕರೆ ಅದರಲ್ಲಿ ಕೆಲಸ ಮಾಡುವುದೇ ಒಂದು ಸುಖ. ಸಿಗುವ ಪ್ರತಿ ಹಲಗೆಯೂ ಹಾಗಿರುವುದಿಲ್ಲ. ಕೆಲವು ಬೆಂಡಿನಂತೆ ಹಗುರ. ಕೊಳ್ಳುವ ಮೊದಲು ಉಗುರು ಒತ್ತಿ ನೋಡಿ. ವಾಲ್ನಟ್ ಕೆತ್ತಲು ಹಿತ, ಬಣ್ಣದ ತಾಪತ್ರಯವಿಲ್ಲ, ವರ್ಜೀನಿಯಾ ಮತ್ತು ದಕ್ಷಿಣದ ಕೋವಿಗಳಿಗೆ ಒಪ್ಪುತ್ತದೆ. ಚೆರ್ರಿಯನ್ನು ಹಿಂದೆಯೂ ಬಳಸುತ್ತಿದ್ದರು, ಅಪರೂಪವಾಗಿ.

ಪಟ್ಟೆಗಳ ಸೊಗಸಿಗೆ ಮರುಳಾಗಿ ಬಹಳ ಜನ ಹಣ ಸುರಿಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಬಲಗೈ ಹಿಡಿಯುವ ಕಿರಿದಾದ ಜಾಗದಲ್ಲಿ ಎಳೆ ಹೇಗೆ ಸಾಗಿದೆ ಎಂಬುದು. ಎಳೆಗಳು ಹಿಡಿಯ ಇಳಿಜಾರನ್ನು ಅನುಸರಿಸಿ ಹೋಗಿರಬೇಕು. ಅಲ್ಲಿ ಅಡ್ಡಡ್ಡ ಕತ್ತರಿಸಿಕೊಂಡು ಹೋಗಿದ್ದರೆ ಕೋವಿ ಒಮ್ಮೆ ಕೆಳಗೆ ಬಿದ್ದರೆ ಸಾಕು, ಮುರಿಯುವುದು ಅಲ್ಲೇ. ಹಳೆಯ ಕೋವಿಗಳಲ್ಲಿ ಹಿತ್ತಾಳೆ ತಗಡು ಸುತ್ತಿ ರಿಪೇರಿ ಮಾಡಿದ ಹಿಡಿಗಳು ಎಷ್ಟೋ ಇವೆ. ಸಾದಾ ಹಲಗೆಯಲ್ಲಿ ಎಳೆ ಸರಿಯಿದ್ದು, ಪಟ್ಟೆಯ ಹಲಗೆಯಲ್ಲಿ ತಪ್ಪಿದ್ದರೆ ಹಿಂದೆಮುಂದೆ ನೋಡದೆ ಸಾದಾ ಹಲಗೆಯನ್ನೇ ಕೊಳ್ಳಿರಿ.

ಲೋಹ, ಬಣ್ಣ, ಎಣ್ಣೆ

ಹಿತ್ತಾಳೆಯೋ ಕಬ್ಬಿಣವೋ ಎಂಬುದನ್ನು ಶೈಲಿ ಆಗಲೇ ತೀರ್ಮಾನಿಸಿಬಿಟ್ಟಿರುತ್ತದೆ. ಎರಕದ ಹಿತ್ತಾಳೆ ಅರಕ್ಕೆ ಬೇಗ ಬಗ್ಗುತ್ತದೆ, ತಪ್ಪಿದರೆ ತಿದ್ದಬಹುದು. ಕಬ್ಬಿಣಕ್ಕೆ ಸಮಯ ಹೆಚ್ಚು. ಪೆಟ್ಟಿಗೆಯ ವಿಷಯದಲ್ಲಿ ಒಂದು ಕಿವಿಮಾತು: 1770ರ ದಶಕದ ಕೋವಿ ಕಟ್ಟುತ್ತಿದ್ದರೆ ಜಾರುವ ಮರದ ಮುಚ್ಚಳವೂ ಇತಿಹಾಸಕ್ಕೆ ಒಪ್ಪುತ್ತದೆ, ನೋಡಲೂ ಗಂಭೀರ. ಡೇಸಿ ಹೂವಿನ ಹಿತ್ತಾಳೆ ಪೆಟ್ಟಿಗೆಗೆ ಕೆತ್ತನೆಯ ಕೈ ಬೇಕು.

ಮೇಪಲ್‌ಗೆ ಬಣ್ಣ ಕೊಡಲು ಹಳೆಯ ದಾರಿ ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣ. ಮನೆಯಲ್ಲಿ ತಯಾರಿಸಲು ಹೋಗದೆ ಸಿದ್ಧವಾದದ್ದನ್ನು ಕೊಳ್ಳಿರಿ, ಅದರ ಹೊಗೆ ವಿಷ. ಹಚ್ಚಿದಾಗ ಮರ ಕೊಳಕು ಹಸಿರು-ಹಳದಿಯಾಗಿ ಕಾಣುತ್ತದೆ. ಬಿಸಿಗಾಳಿಯ ಯಂತ್ರವನ್ನೋ ಕಾದ ಕಬ್ಬಿಣವನ್ನೋ ಹತ್ತಿರ ಹಿಡಿದಾಗ ಹಸಿರು ಮಾಯವಾಗಿ ಕೆಂಗಂದು ಏರುತ್ತದೆ. ಪಟ್ಟೆಗಳಲ್ಲಿ ಎಳೆಯ ಕೊನೆಗಳು ಹೆಚ್ಚು ಹೀರಿಕೊಂಡಿರುವುದರಿಂದ ಅವು ಇನ್ನಷ್ಟು ಗಾಢವಾಗುತ್ತವೆ. ನಂತರ ಅಡುಗೆ ಸೋಡಾದ ನೀರಿನಿಂದ ಆಮ್ಲವನ್ನು ಶಮನ ಮಾಡಲೇಬೇಕು, ಇಲ್ಲದಿದ್ದರೆ ಬಣ್ಣ ವರ್ಷಗಳ ನಂತರವೂ ಬದಲಾಗುತ್ತ ಹೋಗುತ್ತದೆ. ಅಂಗಡಿಯ ಸ್ಪಿರಿಟ್ ಬಣ್ಣಗಳು ಇದಕ್ಕಿಂತ ಸುಲಭ ಮತ್ತು ಸುರಕ್ಷಿತ. ಆದರೆ ಈ ಆಳ ಅವುಗಳಲ್ಲಿ ಬರುವುದಿಲ್ಲ.

ಬಣ್ಣಕ್ಕೆ ಮುಂಚೆ ಮರಳುಕಾಗದ ಉಜ್ಜುವುದೋ, ಉಕ್ಕಿನ ತಗಡಿನಿಂದ ಹೆರೆಯುವುದೋ? ಹೆರೆಯಿರಿ. ಮರಳುಕಾಗದ ಅಂಚುಗಳನ್ನು ಮೊಂಡು ಮಾಡುತ್ತದೆ. ಹೆರೆದ ಮೇಲ್ಮೈಯಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಕಾಣುವ ನವಿರಾದ ಏರಿಳಿತ ಹಳೆಯ ಕೋವಿಗಳಲ್ಲಿಯೂ ಇದೆ. ಮೇಲೆ ಕಾಯಿಸಿದ ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಷ್, ಪಾಲಿಯುರೆಥೇನ್ ಬೇಡ.

ಯಾರಿಗೆ ಯಾವುದು

ಬೇಟೆಯ ಅವಧಿಗೆ ಮೊದಲು ಕೋವಿ ಕೈಗೆ ಬರಬೇಕು, ಮನೆಯಲ್ಲಿ ಒಂದು ಮೇಜು ಮತ್ತು ನಾಲ್ಕು ಉಪಕರಣಗಳಿವೆ ಎನ್ನುವವರು ಯಂತ್ರದಲ್ಲಿ ಕೊರೆದ ಗುಡ್ಡಗಾಡಿನ ಮಾದರಿಯ ಕಿಟ್, .50 ಕ್ಯಾಲಿಬರ್, ಸಾದಾ ಮೇಪಲ್ ಆರಿಸಿಕೊಳ್ಳಲಿ. ಕೆತ್ತನೆ ಮೊದಲೇ ಗೊತ್ತಿದ್ದು ಮರದ ಭಾಷೆ ತಿಳಿದವರು ನೇರವಾಗಿ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಶೈಲಿಗೆ ಕೈಹಾಕಬಹುದು: ಸೊಂಟವಿರುವ .54 ನಳಿಗೆ, ಜರ್ಮನ್ ಲಾಕ್, ಸಕ್ಕರೆ ಮೇಪಲ್, ಜಾರುವ ಮರದ ಮುಚ್ಚಳ. ಈ ವಿದ್ಯೆಯನ್ನೇ ಕಲಿಯಬೇಕು, ಒಂದು ವರ್ಷವಾದರೂ ಸರಿ ಎನ್ನುವವರಿಗೆ 1775ರ ಸುಮಾರಿನ ಲ್ಯಾಂಕಾಸ್ಟರ್: ಕಾಲುವೆ ಮತ್ತು ಗಜದ ತೂತು ಮಾತ್ರ ಮಾಡಿಸಿಕೊಂಡ ಹಲಗೆ, ಸೊಂಟವಿರುವ .50 ನಳಿಗೆ, ಸೈಲರ್ ಲಾಕ್, ಹಿತ್ತಾಳೆ, ಒಂಟಿ ಟ್ರಿಗರ್.

ಮೂವರೂ ಲಾಕ್ ಮತ್ತು ನಳಿಗೆಯನ್ನು ಮೊದಲು ತರಿಸಿಕೊಳ್ಳಬೇಕು. ಹಲಗೆಯಿಂದ ಕಟ್ಟುವವರು ಅವು ಕೈಗೆ ಬಂದ ಮೇಲೆ ದೊಡ್ಡ ಕಾಗದ ಹಾಸಿ, ನಳಿಗೆಯನ್ನೂ ಲಾಕ್ ಅನ್ನೂ ಅದರ ಮೇಲಿಟ್ಟು, ಪಾರ್ಶ್ವನೋಟವನ್ನು ನಿಜವಾದ ಅಳತೆಯಲ್ಲಿ ಬರೆದುಕೊಳ್ಳಬೇಕು. ಟ್ರಿಗರ್‌ನಿಂದ ಬುಡದವರೆಗಿನ ಅಂತರ ನಿಮ್ಮ ತೋಳಿಗೆ ಹೊಂದಬೇಕು. ಬಹುಪಾಲು ಜನರಿಗೆ ಅದು 13ರಿಂದ 14 ಇಂಚಿನೊಳಗೆ ಬರುತ್ತದೆ. ಆ ಕಾಗದವನ್ನು ಗೋಡೆಗೆ ಅಂಟಿಸಿ, ಹೋಗುತ್ತ ಬರುತ್ತ ನೋಡಿ, ಕಣ್ಣಿಗೆ ಕಿರಿಕಿರಿಯಾದ ಗೆರೆಯನ್ನು ಅಳಿಸಿ ತಿದ್ದುತ್ತಿರಿ. ತಿದ್ದುವುದಕ್ಕೆ ಏನೂ ಉಳಿಯದ ದಿನ ಗರಗಸ ಎತ್ತಿಕೊಳ್ಳಬಹುದು.